ನಲವತ್ತಕ್ಕೆ ಅಕ್ಕೋರು

ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಯ ಜತೆಗೇ ಇನ್ನೊಂದು ಮಾತು ಶುರುವಾಗುತ್ತದೆ: ಈ ವರ್ಷ ಯಾವ ಶಾಲೆಗೆ ಅತಿಥಿ ಶಿಕ್ಷಕರು ಬೇಕು? ವಿಚಾರಿಸುವವರೆಲ್ಲ ಈಗಷ್ಟೇ ಬಿ.ಇಡಿ. ಮುಗಿಸಿದ ಹುಡುಗ ಹುಡುಗಿಯರಲ್ಲ. ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿಯರಿದ್ದಾರೆ. ಬೆಂಗಳೂರಿನ ನೌಕರಿ ಬಿಟ್ಟು ತೋಟಕ್ಕೆ ಮರಳಿದವರಿದ್ದಾರೆ. ಖಾಸಗಿ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿ, ತರಬೇತಿಯ ಸರ್ಟಿಫಿಕೇಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಹಿಂದೆ ಉಳಿದವರೂ ಇದ್ದಾರೆ.

ತಡವಾಗಿ ತರಬೇತಿಗೆ ಹೋಗುವುದು ಈ ಸೀಮೆಗೆ ಹೊಸತೇನಲ್ಲ. 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲಿತ್ತು. ಆಗ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿ ಪಾಸಾದವರು ಮೊದಲು ಶಾಲೆ ಸೇರಿ, ಕೆಲವು ವರ್ಷ ಕಲಿಸಿ, ಆಮೇಲೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುವುದು ವಾಡಿಕೆ. ಕೆಲಸ ಮೊದಲು, ತರಬೇತಿ ಆಮೇಲೆ. ಈಗ ಅದು ತಿರುವುಮುರುವಾಗಿದೆ. ತರಬೇತಿ ಮೊದಲು, ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಆಮೇಲೆ, ಕೆಲಸ ದೇವರ ಚಿತ್ತ. ಇಪ್ಪತ್ತೆರಡರ ಹರೆಯದವರಿಗೆ ಈ ಕ್ರಮ ತೊಂದರೆ ಕೊಡದು, ಮೂವತ್ತೆಂಟರವರಿಗೆ ಕೊಡುತ್ತದೆ.

ಲೆಕ್ಕ ಹಾಕಿ ನೋಡಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಬಂದ ಮೇಲೆ ಬಿ.ಇಡಿ. ಎರಡು ವರ್ಷದ್ದು. ಅದರಲ್ಲಿ 20 ವಾರ ಶಾಲೆಗಳಲ್ಲೇ ಇರಬೇಕು. ತರಗತಿಗೆ ಶೇ 80, ಶಾಲಾ ತರಬೇತಿಗೆ ಶೇ 90 ಹಾಜರಿ ಕಡ್ಡಾಯ. ನಂತರ ಟಿಇಟಿ: 150 ಅಂಕ, ಸಾಮಾನ್ಯ ವರ್ಗದವರಿಗೆ ಶೇ 60 ಬೇಕು. ಟಿಇಟಿ ಬರೆಯಲು ವಯಸ್ಸು ಕೇಳುವವರಿಲ್ಲ, 2021ರಿಂದ ಅದರ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ವಯಸ್ಸು ಕೇಳುವುದು ನೇಮಕಾತಿ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಸಾಮಾನ್ಯ ವರ್ಗಕ್ಕೆ 42, ಹಿಂದುಳಿದ ವರ್ಗಗಳಿಗೆ 45, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 47 ಮಿತಿಯಾಗಿತ್ತು. ಅದಕ್ಕೂ ಹಿಂದಿನ ಪರೀಕ್ಷೆ ನಡೆದದ್ದು 2019ರಲ್ಲಿ. ಮೂವತ್ತೆಂಟಕ್ಕೆ ಬಿ.ಇಡಿ. ಸೇರಿದ ಸಾಮಾನ್ಯ ವರ್ಗದ ಅಭ್ಯರ್ಥಿ ನಲವತ್ತಕ್ಕೆ ಹೊರಬಂದರೆ ಕೈಯಲ್ಲಿ ಉಳಿಯುವುದು ಎರಡೇ ವರ್ಷ. ಆ ಎರಡು ವರ್ಷದಲ್ಲಿ ಸರ್ಕಾರಕ್ಕೆ ಅಧಿಸೂಚನೆ ಹೊರಡಿಸುವ ಮನಸ್ಸಾಗಬೇಕು!

2022ರಲ್ಲಿ 15,000 ಹುದ್ದೆಗಳಿದ್ದವು. ಅಲ್ಲೂ ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಗಂಟು ಕಾದಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲೋ ಎಂಬ ತಕರಾರು ಹೈಕೋರ್ಟಿನವರೆಗೆ ಹೋಗಿ, ಪಾಸಾದವರೂ ತಿಂಗಳುಗಟ್ಟಲೆ ಕಾಯಬೇಕಾಯಿತು. ತಡವಾಗಿ ಓದಿದ ಹೆಂಗಸರಲ್ಲಿ ಮದುವೆಯಾಗದವರು ಎಷ್ಟು ಜನ ಸಿಕ್ಕಾರು?

ಘಟ್ಟದ ಮೇಲಿನವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಕಾಡಂಚಿನ ಊರುಗಳಲ್ಲಿರುವುದು ಬಹುಪಾಲು ಐದನೇ ತರಗತಿವರೆಗಿನ ಕಿರಿಯ ಪ್ರಾಥಮಿಕ ಶಾಲೆಗಳು. ಆದರೆ ಒಂದರಿಂದ ಐದಕ್ಕೆ ಬಿ.ಇಡಿ. ಸಲ್ಲದು, ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ (ಡಿ.ಎಲ್.ಇಡಿ.) ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮನೆ ಪಕ್ಕದ ಶಾಲೆಯಲ್ಲಿ ಕಲಿಸುವ ಆಸೆಗೆ ಬಿ.ಇಡಿ. ಸೇರಿದವರು ಆರನೇ ತರಗತಿ ಇರುವ ಊರನ್ನು ಹುಡುಕಿಕೊಂಡು ಹೋಗಬೇಕು. ಪೋಸ್ಟಿನಲ್ಲಿ ಬಿ.ಇಡಿ. ಮಾಡುವೆ ಎನ್ನುವವರಿಗೂ ಒಂದು ಮಾತು: ಮುಕ್ತ ವಿಶ್ವವಿದ್ಯಾಲಯದ ಬಿ.ಇಡಿ. ಇರುವುದು ಮೊದಲೇ ಶಿಕ್ಷಕ ತರಬೇತಿ ಪಡೆದವರಿಗೆ. ಬರೀ ಪದವಿ ಇಟ್ಟುಕೊಂಡವರಿಗಲ್ಲ. ಹಾಜರಿ ಇಲ್ಲದೆ ಸರ್ಟಿಫಿಕೇಟ್ ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರ ಬಳಿ ಹೋಗಲೇಬೇಡಿ.

ಹಾಗಾದರೆ ದಿನಾ ಕಾಲೇಜಿಗೆ ಹೋಗಬೇಕು. ಕುಮಟಾದ ಕಮಲಾ ಬಾಳಿಗಾ ಕಾಲೇಜಿಗೆ ಶಿರಸಿಯಿಂದ ಹೋಗುವುದೆಂದರೆ ದೇವಿಮನೆ ಘಟ್ಟ ಇಳಿದು ಹತ್ತಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ತಪ್ಪಿತು. ಆದರೆ ಹಳ್ಳಿಯ ಬಸ್ಸಿನ ವೇಳೆ ಬದಲಾಗಲಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ತಪ್ಪಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯ ಕೆಲಸಕ್ಕೂ ಶೇ 90 ಹಾಜರಿಗೂ ತಾಳೆಯಾಗುವುದಿಲ್ಲ. ಮನೆಯವರು ಒಲೆಯ ಕೆಲಸ ಹಂಚಿಕೊಳ್ಳದೆ ಈ ಓದು ಮುಗಿಯದು. ಇದನ್ನು ಮನೆಯ ಗಂಡಸರಿಗೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಇದ್ದರೂ ತಡವಾಗಿ ಬಂದವರು ತರಗತಿಗೆ ತರುವುದು ಕಡಿಮೆಯದಲ್ಲ. ನಲಿಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಬ್ಬ ಅಕ್ಷರ ತಿದ್ದುವಾಗ ಇನ್ನೊಬ್ಬಳು ಲೆಕ್ಕ ಮಾಡುತ್ತಾಳೆ, ಮೂರನೆಯವನಿಗೆ ಅಳು. ಮನೆಯಲ್ಲಿ ಮೂರು ಮಕ್ಕಳನ್ನು ಸಂಭಾಳಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಮಾಷೆಯೆಂದರೆ ಅಂಥವರೇ ಟಿಇಟಿಯಲ್ಲಿ ಮಕ್ಕಳ ವಿಕಾಸದ 30 ಪ್ರಶ್ನೆಗಳ ಮುಂದೆ, ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ನಾಲ್ಕು ಹಂತಗಳ ಅನುಕ್ರಮ ನೆನಪಾಗದೆ ಪೆನ್ನು ಕಚ್ಚುತ್ತಾರೆ. ಸಿದ್ಧಾಂತ ಬೇಡವೆಂದಲ್ಲ. ಮಗು ಯಾಕೆ ಹಾಗೆ ಮಾಡಿತು ಎಂದು ಆಮೇಲೆ ಅರ್ಥವಾಗುವುದು ಅದರಿಂದಲೇ. ಆದರೆ ಹೆಸರು, ಇಸವಿ ಉರು ಹೊಡೆದವರು ಮುಂದೆ ಹೋಗಿ ಮಗುವನ್ನು ಬಲ್ಲವರು ಹಿಂದೆ ಉಳಿಯುವ ಪರೀಕ್ಷೆಯ ಬಗ್ಗೆ ನನಗೆ ಗೌರವ ಕಡಿಮೆ.

ಈಗ ಈ ಪರೀಕ್ಷೆಯ ಸಾಲಿಗೆ ಹಳೆಯ ಮಾಸ್ತರರೂ ಬಂದಿದ್ದಾರೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಐವತ್ತೆರಡರ ಮಾಸ್ತರು ತಮ್ಮದೇ ಹಳೆಯ ವಿದ್ಯಾರ್ಥಿಯ ಪಕ್ಕದ ಬೆಂಚಿನಲ್ಲಿ ಕೂತು ಉತ್ತರ ಬರೆಯುವ ಕಾಲ ಬಂತು.

ಸೇರಬೇಕೆಂದಿರುವವರು ಶುಲ್ಕ ಕಟ್ಟುವ ಮೊದಲು ಮೂರು ವಿಚಾರ ನೋಡಿಕೊಳ್ಳಿ: ನಿಮ್ಮ ವರ್ಗದ ವಯೋಮಿತಿಗೆ ಎಷ್ಟು ವರ್ಷ ಉಳಿದಿದೆ, ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ, ನೀವು ಬಯಸುವ ತರಗತಿಗೆ ಆ ಕೋರ್ಸು ಸಲ್ಲುತ್ತದೆಯೇ. ಶಿರಸಿಯಲ್ಲೇ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಬ್ರೋಕರನ್ನು ಕೇಳುವ ಬದಲು ಅಲ್ಲಿ ಕೇಳಿ.

ಸರ್ಕಾರಕ್ಕೆ ಕೇಳುವುದು ಒಂದೇ. ಅತಿಥಿ ಎಂಬ ಹೆಸರಿನಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ ವರ್ಷಗಟ್ಟಲೆ ಶಾಲೆ ನಡೆಸಿಕೊಟ್ಟವರಿಗೆ, ಅವರು ಕಲಿಸಿದಷ್ಟು ವರ್ಷವನ್ನು ನೇಮಕಾತಿಯ ವಯೋಮಿತಿಯಲ್ಲಿ ಸಡಿಲಿಸಿ ಕೊಡಿ.