ಕೈಪಂಪು ಕಲಿಸಿದ ಪಾಠ



ಮುಂದುವರಿಯುತ್ತಿರುವ ದೇಶದಲ್ಲಿ ಯಂತ್ರವಿದ್ಯೆಯು ಬೆಳೆಯುವ ಬಗೆಯನ್ನು ವಿವರಿಸಬೇಕಾದರೆ ಅನೇಕರು ಉಪಗ್ರಹಗಳನ್ನೂ ಗಣಕಯಂತ್ರಗಳನ್ನೂ ಉದಾಹರಿಸುವರು. ಅವು ಹೆಮ್ಮೆಗೆ ಯೋಗ್ಯವಾದವುಗಳೇ ಸರಿ. ಆದರೆ ನಾನು ಆರಿಸಿಕೊಂಡಿರುವದು ಊರ ಬೀದಿಯ ಬೋರ್‌ವೆಲ್ಲಿನ ಕೈಪಂಪನ್ನು. ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆಗೆ ಹೊರಡುವ ಮೊದಲು ಅದರ ಹಿಡಿಯ ಮೇಲೆ ಮೈಭಾರ ಹಾಕಿ ಕೊಡ ತುಂಬಿಸಿದವರೇ ಆಗಿದ್ದೀರಿ.

ನಮ್ಮ ಪ್ರಸ್ಥಭೂಮಿಯ ನೆಲದಡಿಯಲ್ಲಿ ಗಟ್ಟಿಯಾದ ಬಂಡೆಯಿರುವದು. ಬೇಸಗೆಯಲ್ಲಿ ತೆರೆದ ಬಾವಿಗಳು ಬತ್ತಿದರೂ ಬಂಡೆಯ ಬಿರುಕುಗಳಲ್ಲಿ ನೀರು ಉಳಿದಿರುವದುಂಟು. 1960ರ ದಶಕದ ಕಡೆಯ ಬರಗಾಲಗಳ ಕಾಲದಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಬಂಡೆ ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಸಾವಿರಾರು ಹಳ್ಳಿಗಳಲ್ಲಿ ಕೊಳವೆ ಬಾವಿಗಳಾದವು. ಎಲ್ಲರೂ ಸಂತೋಷಪಟ್ಟರು. ಆದರೆ ಆ ಸಂತೋಷವು ಬಹುಕಾಲ ಉಳಿಯಲಿಲ್ಲ. 1970ರ ದಶಕದ ನಡುವಿನಲ್ಲಿ ಪರೀಕ್ಷಿಸಿ ನೋಡಲಾಗಿ, ನೂರಕ್ಕೆ ಸುಮಾರು 75 ಪಂಪುಗಳು ಕೆಟ್ಟು ನಿಂತಿದ್ದವು.

ಇದಕ್ಕೆ ಕಾರಣವೇನು? ಆ ಪಂಪುಗಳು ಎರಕದ ಕಬ್ಬಿಣದವು. ಪರದೇಶದಲ್ಲಿ ಒಂದೊಂದು ಕುಟುಂಬದ ಅಂಗಳಕ್ಕಾಗಿ ಕಲ್ಪಿಸಿದ ಮಾದರಿಯವು. ನಮ್ಮಲ್ಲಿಯಾದರೋ ಒಂದೇ ಪಂಪನ್ನು ನೂರಾರು ಜನರು ಮುಂಜಾನೆಯಿಂದ ಕತ್ತಲೆಯ ವರೆಗೆ ಒತ್ತುತ್ತಿದ್ದರು. ಕೀಲುಗಳು ಸವೆದವು, ಹಿಡಿಗಳು ಮುರಿದವು. ಪರರ ಅಳತೆಗೆ ಹೊಲಿದ ಅಂಗಿಯು ನಮ್ಮ ಮೈಗೆ ಹಿಡಿಯದೆ ಹೋದಂತಾಯಿತು.

ಪರಿಹಾರವು ದೊಡ್ಡ ನಗರದ ಪ್ರಯೋಗಶಾಲೆಯಲ್ಲಿ ಹುಟ್ಟಲಿಲ್ಲ. ಮಹಾರಾಷ್ಟ್ರದ ಜಾಲನಾದಲ್ಲಿ ಮಿಶನಿನ ಬಾವಿ ಕೆಲಸದವರೂ, ತರುವಾಯ ಸೋಲಾಪುರದ ಕಾರ್ಯಾಗಾರದವರೂ, ಕೆಟ್ಟ ಪಂಪುಗಳನ್ನು ರಿಪೇರಿ ಮಾಡಿ ಮಾಡಿ ಬೇಸತ್ತು, ಉಕ್ಕಿನಿಂದ ಗಟ್ಟಿಮುಟ್ಟಾದ ಬೇರೆ ಪಂಪನ್ನು ಮಾಡಿದರು. ಸೋಲಾಪುರದ ಆ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು ಸರಕಾರದ ಇಂಜಿನಿಯರರೂ ಯುನಿಸೆಫ್ ಸಂಸ್ಥೆಯವರೂ ಕೂಡಿ ಅದನ್ನು ತಿದ್ದಿದರು. ಕೊಯಮತ್ತೂರು ಸೀಮೆಯ ಆಳವಾದ ಬಾವಿಗಳಲ್ಲಿ ಅದರ ಪರೀಕ್ಷೆ ನಡೆಯಿತು. 1970ರ ದಶಕದ ಕೊನೆಗೆ ಮದ್ರಾಸಿನಲ್ಲಿ ಅದು ತಯಾರಾಗತೊಡಗಿತು. ಇದೇ “ಇಂಡಿಯಾ ಮಾರ್ಕ್ 2” ಎಂಬ ಪಂಪು.

ಅದರ ಕೆಲಸವು ಸರಳವಾದದ್ದು. ಹಿಡಿಯನ್ನು ಕೆಳಗೊತ್ತಿದಾಗ ಅದರ ತಲೆಗೆ ಬಿಗಿದ ಸರಪಣಿಯು ಉದ್ದವಾದ ಸಲಾಕೆಯನ್ನು ನೆಟ್ಟಗೆ ಮೇಲಕ್ಕೆಳೆಯುವದು. ನೆಲದಾಳದ ಸಿಲಿಂಡರಿನೊಳಗಣ ಪಿಸ್ಟನ್ನು ಏರಿ, ತನ್ನ ಮೇಲಣ ನೀರನ್ನು ಕೊಳವೆಯಲ್ಲಿ ಎತ್ತುವದು. ಹಿಡಿಯನ್ನು ಬಿಟ್ಟಾಗ ಸಲಾಕೆಯು ತನ್ನ ಭಾರದಿಂದಲೇ ಇಳಿಯುವದು. ಎಳೆತವು ಓರೆಯಾಗದ ಕಾರಣ ಸವೆತವು ಕಡಿಮೆ. ಸಾಧಾರಣ ಕಾರ್ಖಾನೆಗಳಲ್ಲಿಯೂ ಮಾಡಬಹುದಾದ ಈ ಮಾದರಿಯನ್ನು ಯಾರೂ ಸ್ವಂತ ಹಕ್ಕಿನ ಬೇಲಿಯೊಳಗೆ ಕೂಡಿಡಲಿಲ್ಲ. ಆದಕಾರಣ ಅದು ಆಫ್ರಿಕಾದ ಹಳ್ಳಿಗಳ ವರೆಗೂ ಹೋಗಿ, ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಹರಡಿತು.

ಆದರೂ ಒಂದು ಕೊರತೆ ಉಳಿಯಿತು. ಒಳಗಣ ತೊಗಲಿನ ವಾಷರು ಸವೆದರೆ ಕೊಳವೆಗಳನ್ನೆಲ್ಲಾ ಮೇಲಕ್ಕೆತ್ತಬೇಕು. ಅದಕ್ಕೆ ಪೇಟೆಯಿಂದ ವಾಹನವೂ ಆಳುಗಳೂ ಬರಬೇಕು. ಈ ಕೊರತೆಯ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಪಾಧ್ಯಾಯಿನಿಯಾಗಿ ಸೇರಿದ ಹೊಸದರಲ್ಲಿ, ದಿನವೂ ತಡವಾಗಿ ಬರುತ್ತಿದ್ದ ಒಬ್ಬ ಹುಡುಗಿಯನ್ನು ತರಗತಿಯ ಹೊರಗೆ ನಿಲ್ಲಿಸಿದೆನು. ಅವಳು ಮರುಮಾತಾಡಲಿಲ್ಲ. ಅವಳ ಊರಿನ ಪಂಪು ಕೆಟ್ಟು ಮೂರು ವಾರಗಳಾಗಿದ್ದವೆಂದೂ, ಅವಳು ಕೆರೆಯಿಂದ ನೀರು ಹೊತ್ತು ಹಾಕಿ ಬರುತ್ತಿದ್ದಳೆಂದೂ ಅವಳ ತಾಯಿಯಿಂದ ತಿಳಿದಾಗ ನಾಚಿಕೆಯಿಂದ ತಲೆ ತಗ್ಗಿಸಿದೆನು. ಒಂದು ತೊಗಲಿನ ತುಂಡು ಒಬ್ಬ ಬಾಲಿಕೆಯ ವಿದ್ಯೆಗೆ ಅಡ್ಡವಾಗಿತ್ತು.

1980ರ ದಶಕದಲ್ಲಿ ರೂಪಿಸಿದ “ಮಾರ್ಕ್ 3” ಪಂಪಿನಲ್ಲಿ ಕೊಳವೆಯನ್ನು ಅಗಲಗೊಳಿಸಿದ್ದರಿಂದ, ಅದನ್ನು ಎತ್ತದೆಯೇ ಪಿಸ್ಟನ್ನನ್ನು ಹೊರತೆಗೆಯಲು ಸಾಧ್ಯವಾಯಿತು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ, ಓದುಬರಹ ಬಾರದ ಹಳ್ಳಿಯ ಸ್ತ್ರೀಯರೇ ಪಂಪು ರಿಪೇರಿಯನ್ನು ಕಲಿತು ಊರೂರಿಗೆ ಹೋಗಿ ಮಾಡಿದರು. ಯಂತ್ರವನ್ನು ಕಂಡುಹಿಡಿಯುವದು ಅರ್ಧ ಕೆಲಸ. ಅದನ್ನು ಉಪಯೋಗಿಸುವವರ ಕೈಯಲ್ಲಿಯೇ ಅದರ ದುರಸ್ತಿಯನ್ನೂ ಒಪ್ಪಿಸುವದು ಉಳಿದ ಅರ್ಧ.

ಯಾವ ಯಂತ್ರವೂ ಸರ್ವಸಂಕಟಕ್ಕೆ ಮದ್ದಲ್ಲ. ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ ಆಳದ ನೀರಿನಲ್ಲಿ ಫ್ಲೋರೈಡು ಅಧಿಕವಾಗಿದ್ದು ಮಕ್ಕಳ ಹಲ್ಲುಗಳು ಕಂದಿದವು. ವಿದ್ಯುತ್ ಮೋಟಾರುಗಳು ಅಂತರ್ಜಲವನ್ನು ಸೆಳೆದುಕೊಂಡಲ್ಲಿ ಕೈಪಂಪುಗಳು ಒಣಗಿದವು. ನಲ್ಲಿಯ ನೀರಿದ್ದ ಹಳ್ಳಿಮನೆಗಳು 2019ರಲ್ಲಿ ಸುಮಾರು 3.23 ಕೋಟಿ, ಜಲ ಜೀವನ ಯೋಜನೆಯಿಂದ 2024ರ ಕೊನೆಗೆ 15 ಕೋಟಿಗೂ ಮಿಕ್ಕಿದವು. ಇದು ಮಹತ್ತಾದ ಕಾರ್ಯವು. ಆದರೆ ನಲ್ಲಿಯೂ ಕೆಡುವದು. ಆಗ ಅದನ್ನು ಸರಿಪಡಿಸುವವರು ಊರಿನಲ್ಲಿಯೇ ಇರಬೇಕು.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮನೆಯಲ್ಲಿ ಏನಾದರೂ ಕೆಟ್ಟಾಗ ಮಗನನ್ನು ಮಾತ್ರ ಕರೆಯಬೇಡಿರಿ. ಮಗಳ ಕೈಗೂ ಸ್ಪ್ಯಾನರನ್ನು ಕೊಡಿರಿ. ಕೊಡ ಹೊತ್ತ ಹುಡುಗಿಗೆ ಪಂಪಿನ ಕೊರತೆಯು ಯಾವ ಇಂಜಿನಿಯರನಿಗಿಂತಲೂ ಚೆನ್ನಾಗಿ ಗೊತ್ತಿರುವದು. ಅದನ್ನು ನೀಗಿಸುವ ವಿದ್ಯೆಯೂ ಅವಳಿಗೆ ದೊರೆಯಲಿ.