‘ಇಲ್ಲ’ ಬೇರೆ, ‘ಅಲ್ಲ’ ಬೇರೆ

ಗ್ರೀಕ್ ತತ್ವಶಾಸ್ತ್ರವನ್ನು ಕಾಡಿದ ಹಳೆಯ ಒಗಟೊಂದರ ಎಳೆ ಬೇಲೂರು ಸೀಮೆಯ ಆಡುಮಾತಿನಲ್ಲೂ ಸಿಗುತ್ತದೆ. ಅದನ್ನು ಹಿಡಿದು ಹೊರಡುವವರು ಬೇಕು.

ಮಾದಿಹಳ್ಳಿಯ ಯಾವುದಾದರೂ ಅಂಗಡಿಯ ಮುಂದೆ ನಿಂತು ‘ಬೆಲ್ಲ ಐತಾ?’ ಎಂದು ಕೇಳಿ. ಮುಗಿದಿದ್ದರೆ ‘ಇಲ್ಲ’ ಎನ್ನುತ್ತಾರೆ. ಡಬ್ಬಿಯಲ್ಲಿ ಕಂಡ ಕಂದು ಉಂಡೆಯನ್ನು ತೋರಿಸಿ ‘ಇದು ಬೆಲ್ಲವಾ?’ ಎಂದರೆ ‘ಅಲ್ಲ, ಹುಣಸೆಹಣ್ಣು’ ಎಂಬ ಉತ್ತರ ಬರುತ್ತದೆ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಿಗೂ ಈ ಎರಡರ ವ್ಯತ್ಯಾಸ ಗೊತ್ತು. ಒಂದು ವಸ್ತುವೇ ಇಲ್ಲದಿರುವುದನ್ನು ಹೇಳುತ್ತದೆ. ಇನ್ನೊಂದು ವಸ್ತು ಇದೆ, ಆದರೆ ನೀವು ಅಂದುಕೊಂಡದ್ದು ಅದಲ್ಲ ಎನ್ನುತ್ತದೆ.

ಇಷ್ಟು ಸಲೀಸಾದ ಭೇದವೇ ಗ್ರೀಸಿನ ಘಟಾನುಘಟಿಗಳ ನಿದ್ದೆ ಕೆಡಿಸಿತ್ತು.

ಕ್ರಿ.ಪೂ. 5ನೇ ಶತಮಾನದ ಆರಂಭದಲ್ಲಿ, ದಕ್ಷಿಣ ಇಟಲಿಯ ಎಲಿಯಾ ಎಂಬ ಗ್ರೀಕ್ ಊರಿನಲ್ಲಿ ಪಾರ್ಮೆನಿಡೀಸ್ ಎಂಬಾತ ತನ್ನ ತತ್ವವನ್ನು ಪದ್ಯದಲ್ಲಿ ಬರೆದ. ಇರುವುದು ಇದೆ; ಇಲ್ಲದ್ದನ್ನು ಯೋಚಿಸಲೂ ಆಗದು, ಹೇಳಲೂ ಆಗದು ಎಂಬುದು ಅವನ ವಾದದ ಬುಡ. ಅಲ್ಲಿಂದ ಅವನು ಎಲ್ಲಿಗೋ ಹೋಗಿಬಿಟ್ಟ. ಹುಟ್ಟು ಎಂದರೆ ಇಲ್ಲದ್ದರಿಂದ ಬರುವುದು, ಸಾವು ಎಂದರೆ ಇಲ್ಲದ್ದಕ್ಕೆ ಹೋಗುವುದು. ‘ಇಲ್ಲದ್ದು’ ಎಂಬುದೇ ಇಲ್ಲವಾದ್ದರಿಂದ ಹುಟ್ಟೂ ಇಲ್ಲ, ಸಾವೂ ಇಲ್ಲ, ಬದಲಾವಣೆಯೂ ಇಲ್ಲ. ಕಣ್ಣೆದುರಿನ ಜಗತ್ತೇ ಸುಳ್ಳಾಯಿತು.

ಈ ಗಂಟನ್ನು ಬಿಡಿಸಲು ಕೂತವನು ಪ್ಲೇಟೊ. ‘ಸೋಫಿಸ್ಟ್’ ಎಂಬ ಸಂವಾದದಲ್ಲಿ ಅವನು ಎಲಿಯಾ ಊರಿನವನನ್ನೇ ಕರೆತಂದು, ತಂದೆಯಂತಿದ್ದ ಪಾರ್ಮೆನಿಡೀಸನ ಮೇಲೆ ಕೈ ಎತ್ತುವ ಕೆಲಸ ಮಾಡಿಸುತ್ತಾನೆ. ‘ದೊಡ್ಡದಲ್ಲ’ ಎಂದರೆ ಚಿಕ್ಕದು ಎಂದೇ ಆಗಬೇಕಿಲ್ಲ, ಸಮನಾದದ್ದೂ ಇರಬಹುದು. ಹಾಗೆ ನಿಷೇಧ ಎಂದರೆ ಶೂನ್ಯವಲ್ಲ, ಬೇರೆಯಾಗಿರುವಿಕೆ. ಕನ್ನಡದ ಕಿವಿಗೆ ಇದು ಹೇಗೆ ಕೇಳಿಸುತ್ತದೆ? ಪಾರ್ಮೆನಿಡೀಸ್ ‘ಇಲ್ಲ’ ಎಂದುಕೊಂಡ ಕಡೆ ಪ್ಲೇಟೊ ‘ಅಲ್ಲ’ ಎಂದು ತಿದ್ದಿದ. ಗ್ರೀಕಿನಲ್ಲಿ ‘ಎಸ್ತಿ’ ಎಂಬ ಒಂದೇ ಕ್ರಿಯಾಪದ ‘ಇದೆ’ ಎಂಬುದಕ್ಕೂ ‘ಆಗಿದೆ’ ಎಂಬುದಕ್ಕೂ ದುಡಿಯುತ್ತದೆ. ನಿಷೇಧಕ್ಕೆ ‘ಊ’, ‘ಮೇ’ ಎಂಬ ಎರಡು ಪದಗಳಿದ್ದರೂ ಅವುಗಳ ನಡುವಿನ ಭೇದ ನಮ್ಮ ಇಲ್ಲ–ಅಲ್ಲಗಳದ್ದಲ್ಲ. ಆದ್ದರಿಂದ ಪ್ಲೇಟೊ ಪುಟಗಟ್ಟಲೆ ವಾದಿಸಬೇಕಾಯಿತು.

ಕಲ್ಲು ಓದುವವರ ಕಸುಬು

ಗ್ರೀಕ್ ತತ್ವಶಾಸ್ತ್ರದ ಅಧ್ಯಾಪಕರ ನಿತ್ಯದ ದುಡಿಮೆ ಏನು? ಆಕಾಶ ನೋಡುತ್ತಾ ಕೂರುವುದಲ್ಲ. ಅದು ಬಹುಪಾಲು ಶಾಸನತಜ್ಞರ ಕೆಲಸದಂಥದ್ದೇ. ಪಾರ್ಮೆನಿಡೀಸನ ಪದ್ಯದಲ್ಲಿ ಇಂದು ಉಳಿದಿರುವುದು ಸುಮಾರು 160 ಸಾಲು. ಅದರ ದೊಡ್ಡ ಪಾಲನ್ನು ಉಳಿಸಿದವನು ಸಾವಿರ ವರ್ಷಗಳ ನಂತರ, ಕ್ರಿ.ಶ. 6ನೇ ಶತಮಾನದಲ್ಲಿದ್ದ ವ್ಯಾಖ್ಯಾನಕಾರ ಸಿಂಪ್ಲಿಸಿಯಸ್. ಪುಸ್ತಕ ಅಪರೂಪವಾಗುತ್ತಿದೆ ಎಂದು ಹೇಳಿಯೇ ಅವನು ಸಾಲುಗಳನ್ನು ತನ್ನ ಬರಹದಲ್ಲಿ ನಕಲು ಮಾಡಿಕೊಂಡ. ಸಾಕ್ರೆಟೀಸನಿಗಿಂತ ಹಿಂದಿನವರ ಇಂಥ ಚೂರುಗಳನ್ನೆಲ್ಲ ಹೆಕ್ಕಿ, ಸಂಖ್ಯೆ ಹಚ್ಚಿ, ಜರ್ಮನಿಯ ಹರ್ಮನ್ ಡೀಲ್ಸ್ ಪ್ರಕಟಿಸಿದ್ದು 1903ರಲ್ಲಿ.

ಅದರ ಹಿಂದಿನ ವರ್ಷ, 1902ರಲ್ಲಿ, ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ ಹೊರಬಂದಿತ್ತು. ಅದು ಹಾಸನ ಜಿಲ್ಲೆಯ ಸಂಪುಟ. ಬೇಲೂರು, ಹಳೇಬೀಡು, ಅರಸೀಕೆರೆಯ ಕಲ್ಲುಗಳೂ ಹೀಗೆಯೇ ಸಂಖ್ಯೆ ಪಡೆದು ಪುಸ್ತಕದಲ್ಲಿ ಕೂತವು. ಬೇಲೂರು ತಾಲ್ಲೂಕಿನದೇ ಆದ ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಪ್ರಕಟಿಸಿದರು. ಅದರ 16 ಸಾಲುಗಳ ಪದವಿಭಾಗ, ಅರ್ಥ, ಕಾಲದ ಮೇಲೆ ವಿದ್ವಾಂಸರು ಆಮೇಲೂ ವಾದಿಸುತ್ತಲೇ ಬಂದರು. ಒಂದು ಅಕ್ಷರ ಹೀಗೆ ಓದಿದರೆ ಒಂದು ಇತಿಹಾಸ, ಹಾಗೆ ಓದಿದರೆ ಇನ್ನೊಂದು. ಪಾರ್ಮೆನಿಡೀಸನ ‘ಎಸ್ತಿ’ಯ ಸುತ್ತ ನಡೆದಿರುವುದೂ ಇಂಥದೇ ಜಗಳ.

ಹೆಸರುಗಳಿಗೂ ಈ ಕಸುಬಿನ ವಾಸನೆ ಇದೆ. ‘ಮೆಟಫಿಸಿಕ್ಸ್’ ಎಂಬ ಗಂಭೀರ ಪದ ಅರಿಸ್ಟಾಟಲ್ ಬಳಸಿದ್ದಲ್ಲ. ಅವನ 14 ಭಾಗಗಳ ಆ ಗ್ರಂಥಕ್ಕೆ ನಂತರದವರು ಇಟ್ಟ ಹೆಸರು ಅದು. ಅಕ್ಷರಶಃ ‘ಭೌತ ವಿಚಾರಗಳ ನಂತರದವು’ ಎಂದರ್ಥ. ನಾವದನ್ನು ತತ್ವಮೀಮಾಂಸೆ ಎಂದೆವು. ಇಂದಿಗೂ ಅರಿಸ್ಟಾಟಲನ ಮಾತನ್ನು ಉಲ್ಲೇಖಿಸಬೇಕಾದರೆ 1831ರ ಬೆಕ್ಕರ್ ಆವೃತ್ತಿಯ ಪುಟ–ಸಾಲುಗಳನ್ನೂ, ಪ್ಲೇಟೊಗೆ 1578ರ ಸ್ಟೆಫಾನಸ್ ಆವೃತ್ತಿಯ ಪುಟಗಳನ್ನೂ ಕೊಡುವುದು ರೂಢಿ.

ಹೊರಟವರು

ಹಾಸನ ಸೀಮೆಯಿಂದ ತತ್ವಶಾಸ್ತ್ರದ ಮೇಷ್ಟ್ರಾಗಿ ಹೊರಟವರು ಇದ್ದಾರೆ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾ ರಾವ್ ನಮಗೆ ‘ಕಾಂತಾಪುರ’ದ ಕಾದಂಬರಿಕಾರರಾಗಿ ಪರಿಚಿತರು. ಅವರು 1966ರಿಂದ 1980ರವರೆಗೆ ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದರು; ಅವರ ಪಾಠ ಭಾರತೀಯ ದರ್ಶನಗಳದ್ದು. ಅದೇ ವಿಭಾಗದಲ್ಲಿದ್ದ ಗ್ರೀಕ್ ವಿದ್ವಾಂಸ ಅಲೆಕ್ಸಾಂಡರ್ ಮೂರೆಲಾಟೋಸ್ 1970ರಲ್ಲಿ ಪಾರ್ಮೆನಿಡೀಸನ ಮೇಲೆ ಹೆಸರಾಂತ ಗ್ರಂಥ ಪ್ರಕಟಿಸಿದರು. ‘ಇದೆ’ ಎಂಬ ಮಾತಿನ ಅರ್ಥವೇ ಅಲ್ಲಿನ ಮುಖ್ಯ ಚರ್ಚೆ. ಇಲ್ಲ–ಅಲ್ಲಗಳ ನಾಡಿನವರು ಮತ್ತು ‘ಎಸ್ತಿ’ಯ ಪಂಡಿತರು ಒಂದೇ ವಿಭಾಗದ ಮೇಷ್ಟ್ರುಗಳಾಗಿದ್ದರು ಎಂದು ನೆನೆದರೆ ಖುಷಿಯಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರೂ ಅಷ್ಟೇ, ವೃತ್ತಿಯಿಂದ ತತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರುಗಳಲ್ಲಿ ಕಲಿಸಿದರು. ಅವರ ಸಂಶೋಧನೆಯ ವಿಷಯ ‘ಸತ್ಯ ಮತ್ತು ಸೌಂದರ್ಯ’. ಪ್ಲೇಟೊನ ಕಾಲದಿಂದಲೂ ಬಗೆಹರಿಯದ ಜೋಡಿ ಅದು. ಇತ್ತ ಬಿ.ಎಂ.ಶ್ರೀ. ಗ್ರೀಕ್ ದುರಂತ ನಾಟಕಗಳನ್ನು ‘ಅಶ್ವತ್ಥಾಮನ್’, ‘ಪಾರಸಿಕರು’ ಆಗಿ ತಂದರು, ಎ.ಎನ್. ಮೂರ್ತಿರಾವ್ ‘ಸಾಕ್ರೆಟೀಸನ ಕೊನೆಯ ದಿನಗಳು’ ಕೊಟ್ಟರು. ಕನ್ನಡಕ್ಕೆ ಗ್ರೀಸ್ ಅಪರಿಚಿತವೇನಲ್ಲ.

ಆದರೆ ನುಡಿಯಲ್ಲಿ ಭೇದ ಇದ್ದ ಮಾತ್ರಕ್ಕೆ ತತ್ವ ತಾನಾಗಿ ಹುಟ್ಟುವುದಿಲ್ಲ. ‘ಅವನು ಅಷ್ಟು ಎತ್ತರ ಇಲ್ಲ’ ಎನ್ನುವಾಗ ನಾವೇ ಗೆರೆ ದಾಟುತ್ತೇವೆ, ದಾಟಿದ್ದು ಗಮನಕ್ಕೂ ಬರುವುದಿಲ್ಲ. ಗಮನಿಸುವುದೇ ಈ ವೃತ್ತಿಯ ಮೊದಲ ಪಾಠ. ಜೊತೆಗೆ ಗ್ರೀಕ್ ಕಲಿಯಬೇಕು, ಹಳೆಯ ಟೀಕೆಗಳನ್ನು ತಿರುವಬೇಕು, ಒಂದು ಸಾಲಿಗೆ ತಿಂಗಳು ಕೊಡುವ ತಾಳ್ಮೆ ಬೇಕು. ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರ ಕೂಡಿಸುವವರ ನೆರೆಯಲ್ಲಿ ಬೆಳೆದವರಿಗೆ ಆ ತಾಳ್ಮೆ ಹೊಸದೇನಲ್ಲ.

ಈ ದಾರಿ ಹಿಡಿದವರು ನಮ್ಮಲ್ಲಿ ಹೆಚ್ಚು ಜನ ಇಲ್ಲ, ನಿಜ. ಅದಕ್ಕೇ ‘ಇದು ನಮ್ಮಂಥವರ ಕೆಲಸ ಅಲ್ಲ’ ಎಂದುಬಿಡುತ್ತೇವೆ. ಪ್ಲೇಟೊ ಅಷ್ಟು ಕಷ್ಟಪಟ್ಟು ಬಿಡಿಸಿದ ಗಂಟನ್ನು ಮತ್ತೆ ಹಾಕಿಕೊಳ್ಳುವುದು ಹೀಗೆಯೇ.