ಕ್ಯಾಮೆರಾದೊಳಗಿನ ಎರಿ ದೂಳು

ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಜಾಗ ಸೆನ್ಸರ್. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದರ ಅಳತೆ ಸುಮಾರು 36×24 ಮಿ.ಮೀ.; ಎಪಿಎಸ್-ಸಿ ಮಾದರಿಗಳಲ್ಲಿ ಇನ್ನೂ ಚಿಕ್ಕದು. ಅದರ ಮುಂದೆ ತೆಳುವಾದ ಫಿಲ್ಟರ್ ಗಾಜು ಇರುತ್ತದೆ. ದೂಳು ಕೂರುವುದು ಈ ಗಾಜಿನ ಮೇಲೆ, ಒರೆಸುವುದೂ ಇದನ್ನೇ. ಸೆನ್ಸರ್ ಕ್ಲೀನಿಂಗ್ ಎಂದು ಹೇಳುವುದು ರೂಢಿಯ ಮಾತಷ್ಟೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಲೆನ್ಸ್ ಬದಲಿಸುವ ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಕೆಲಸ ತಪ್ಪಿದ್ದಲ್ಲ. ಒಣಗಿದ ಎರಿ ಮಣ್ಣಿನ ದೂಳು ಹಿಟ್ಟಿನಷ್ಟು ನಯ. ಹಿಂಗಾರಿ ಬಿಳಿಜೋಳದ ರಾಶಿ ನಡೆಯುವಾಗ ಮಷಿನ್ ಎಬ್ಬಿಸುವ ಹೊಟ್ಟು, ಅದರ ಬೆನ್ನಿಗೇ ಬರುವ ಬೇಸಿಗೆಯ ಗಾಳಿ, ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಬಯಲಲ್ಲೇ ಲೆನ್ಸ್ ಬದಲಿಸುವ ಅನಿವಾರ್ಯತೆ. ಜಾತ್ರೆಯಲ್ಲಿ ತೂರುವ ಭಂಡಾರದ್ದು ಬೇರೆಯೇ ಕಥೆ: ಅರಿಷಿಣದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅದು ಗಾಜಿಗೆ ಅಂಟಿದರೆ ಬರೀ ಗಾಳಿಗೆ ಜಗ್ಗದಿರಬಹುದು.

ಕುಳಿತ ದೂಳು ಕೂಡಲೇ ಕಾಣುವುದಿಲ್ಲ. ಕಲ್ಯಾಣ ಮಂಟಪದೊಳಗೆ ಎಫ್ 2.8 ಅಥವಾ ಎಫ್ 4ರಲ್ಲಿ ತೆಗೆದ ನೂರಾರು ಫೋಟೊಗಳಲ್ಲಿ ಅದರ ಸುಳಿವೇ ಇರದು. ಅದೇ ಕ್ಯಾಮೆರಾದಲ್ಲಿ ಆಲಮಟ್ಟಿ ಜಲಾಶಯದ ಮೇಲಿನ ಖಾಲಿ ಆಕಾಶವನ್ನು ಎಫ್ 16ರಲ್ಲಿ ತೆಗೆದರೆ ಬೂದು ಚುಕ್ಕೆಗಳು ಎದ್ದು ಕಾಣುತ್ತವೆ. ಕಾರಣ ಸರಳ. ದೂಳಿನ ಕಣ ಸೆನ್ಸರ್‌ಗಿಂತ ತುಸು ಮುಂದೆ ಇರುತ್ತದೆ. ಅಪರ್ಚರ್ ಅಗಲವಾಗಿದ್ದಾಗ ಬೆಳಕು ನಾನಾ ಕೋನಗಳಿಂದ ಬಿದ್ದು ಕಣದ ನೆರಳು ಚದುರಿಹೋಗುತ್ತದೆ. ಕಿರಿದಾದಾಗ ನೆರಳು ಗಟ್ಟಿಯಾಗಿ ಮೂಡುತ್ತದೆ.

ಪರೀಕ್ಷೆಯೂ ಇದೇ ತತ್ವದ್ದು. ಐಎಸ್ಒ 100, ಎಫ್ 22 ಇಟ್ಟು, ಫೋಕಸ್ ತಪ್ಪಿಸಿ, ಮೋಡವಿಲ್ಲದ ಆಕಾಶ ಅಥವಾ ಬಿಳಿ ಗೋಡೆಯ ಫೋಟೊ ತೆಗೆದು ಕಂಪ್ಯೂಟರ್‌ನಲ್ಲಿ ದೊಡ್ಡದಾಗಿಸಿ ನೋಡಬೇಕು. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿಸುವುದರಿಂದ, ಫೋಟೊದ ಎಡ ಮೇಲ್ಮೂಲೆಯ ಚುಕ್ಕೆಗೆ ಕಾರಣವಾದ ಕಣ, ಎದುರಿನಿಂದ ನೋಡುವವರಿಗೆ ಸೆನ್ಸರ್‌ನ ಎಡ ಕೆಳಮೂಲೆಯಲ್ಲಿ ಇರುತ್ತದೆ. ಇದು ಗೊತ್ತಿಲ್ಲದೆ ತಪ್ಪು ಮೂಲೆಯನ್ನು ಉಜ್ಜುವವರೇ ಹೆಚ್ಚು.

ಮೊದಲು ಕ್ಯಾಮೆರಾದ್ದೇ ಕ್ಲೀನಿಂಗ್ ವ್ಯವಸ್ಥೆಯನ್ನು ಬಳಸಬೇಕು. ಫಿಲ್ಟರ್ ಅನ್ನು ಅಲುಗಿಸಿ ದೂಳು ಉದುರಿಸುವ ಈ ತಂತ್ರ 2003ರಲ್ಲಿ ಒಲಿಂಪಸ್ ಇ-1 ಮೂಲಕ ಬಂತು. ಈಗ ಬಹುತೇಕ ಕ್ಯಾಮೆರಾಗಳಲ್ಲಿದೆ. ಚುಕ್ಕೆ ಉಳಿದರೆ ರಬ್ಬರ್ ಬ್ಲೋವರ್. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಡಿಎಸ್ಎಲ್ಆರ್‌ನಲ್ಲಿ ಮೆನುವಿನ ಕ್ಲೀನಿಂಗ್ ಆಯ್ಕೆಯಿಂದಲೇ ಕನ್ನಡಿ ಎತ್ತಬೇಕು. ನಡುವೆ ಬ್ಯಾಟರಿ ಸತ್ತರೆ ಕನ್ನಡಿಯೂ ಶಟರೂ ಕೆಳಗೆ ಬಡಿಯುತ್ತವೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯ ಗೊಡವೆ ಇಲ್ಲ. ಆದರೆ ಕೆಲವು ಮಾದರಿಗಳು ಆಫ್ ಆದಾಗ ಶಟರ್ ಮುಚ್ಚುವುದರಿಂದ ಅದರ ಕೈಪಿಡಿಯನ್ನು ಒಮ್ಮೆ ನೋಡಬೇಕು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕ್ಯಾಮೆರಾದ ಬಾಯಿ ಕೆಳಮುಖವಾಗಿ ಹಿಡಿದು, ಬ್ಲೋವರ್‌ನ ತುದಿ ಒಳಗೆ ತಾಗದಂತೆ ಊದಬೇಕು. ಒಣ ದೂಳಿಗೆ ಬಹುತೇಕ ಇಷ್ಟೇ ಸಾಕು.

ಅಂಟಿದ ಕಲೆಗೆ ಮಾತ್ರ ಸ್ವ್ಯಾಬ್. ಸೆನ್ಸರ್‌ನ ಅಳತೆಗೆ ಹೊಂದುವ, ಅಂದರೆ ಫುಲ್‌ಫ್ರೇಮ್‌ಗೆ 24 ಮಿ.ಮೀ., ಎಪಿಎಸ್-ಸಿಗೆ 16 ಮಿ.ಮೀ. ಅಗಲದ ಸ್ವ್ಯಾಬ್ ಬೇಕು. ಸೆನ್ಸರ್‌ಗೆಂದೇ ಮಾರುವ ದ್ರವದ ಒಂದೆರಡು ಹನಿ ಹಾಕಿ, ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಸಲ ಎಳೆದು, ಮಗ್ಗುಲು ಬದಲಿಸಿ ವಾಪಸ್ ಎಳೆದು, ಬಿಸಾಡಬೇಕು. ಬ್ಲೋವರ್ ಬಳಸದೆ ನೇರ ಸ್ವ್ಯಾಬ್ ಎಳೆದರೆ ಮಣ್ಣಿನ ಗಟ್ಟಿ ಕಣಗಳೇ ಗಾಜನ್ನು ಗೀರುತ್ತವೆ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ದ್ರವವನ್ನೂ ಉಗುಳಬಹುದು. ಕಿವಿಗೆ ಬಳಸುವ ಹತ್ತಿ ಕಡ್ಡಿ ಎಳೆ ಬಿಡುತ್ತದೆ.

ಲೆನ್ಸ್ ಬದಲಿಸುವಾಗ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಹಿಡಿದರೆ ಈ ತಾಪತ್ರಯದ ಅರ್ಧ ಇಲ್ಲವಾಗುತ್ತದೆ. ಲೆನ್ಸ್‌ನ ಹಿಂಬದಿ ಮುಚ್ಚಳದೊಳಗಿನ ದೂಳನ್ನು ಕೊಡವುವುದನ್ನೂ ಮರೆಯಬಾರದು. ಗಾಜಿಗೆ ಗೀರು ಬಿದ್ದರೆ ಅಥವಾ ದೂಳು ಅದರ ಹಿಂದೆ ಸೇರಿದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೇ ಕೊಡಬೇಕು. ಎಫ್ 22ರಲ್ಲಿ ಮಾತ್ರ ಕಾಣುವ ಒಂದೆರಡು ಚುಕ್ಕೆಗಳನ್ನು ಫೋಟೊಶಾಪ್‌ನಲ್ಲಿ ಅಳಿಸಿದರಾಯಿತು. ಅದಕ್ಕಾಗಿ ಸ್ವ್ಯಾಬ್ ಹಿಡಿಯುವ ಅಗತ್ಯವಿಲ್ಲ.